ಟೈ ಯಾರ ಕತ್ತಿಗೆ? – ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಒಬ್ರು ಓದುಗರು 'ಗಂಡಸರು ಇನ್ನೂ ಕೆಲಸಕ್ಕೆ ಟೈ ಕಟ್ಕೊಂಡು ಹೋಗ್ಬೇಕಾ' ಅಂತ ಒಂದೇ ಸಾಲಲ್ಲಿ ಕೇಳಿದ್ರು, ನಾನೂ 'ಇಷ್ಟ ಇದ್ರೆ ಕಟ್ಕೊಳ್ಳಿ, ಕಡ್ಡಾಯ ಮಾಡೋದು ಮಾತ್ರ ಬೇಡ' ಅಂತ ಒಂದೇ ಸಾಲಲ್ಲಿ ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಅಷ್ಟಕ್ಕೇ ಇಷ್ಟೊಂದು ಕಾಗದ, ಇಮೇಲು, ವಾಟ್ಸಾಪು ಬರತ್ತೆ ಅಂತ ಯಾರಿಗೆ ಗೊತ್ತಿತ್ತು! ರಾಗಿ ಬೆಲೆ ಬಗ್ಗೆ ಬರೆದಾಗ್ಲೂ ಇಷ್ಟು ಬಂದಿರ್ಲಿಲ್ಲ. ಹಾಗಾಗಿ ಈ ಸಲ ಅಂಕಣ ಪೂರ್ತಿ ಟೈದೇ, ಬೇರೆ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡ್ಕೊಳ್ಳಿ.

ಪ್ರಶ್ನೆ: ಸರ್, ನಮ್ದು ಮಧ್ಯಮ ಸೈಜಿನ ಸಾಫ್ಟ್‌ವೇರ್ ಕಂಪನಿ. ಹೊಸದಾಗಿ ಬಂದಿರೋ ಹಿರಿಯ ಅಧಿಕಾರಿಯೊಬ್ರು ಸೋಮವಾರ ಮಂಗಳವಾರ ಗಂಡಸರಿಗೆಲ್ಲ ಟೈ ಕಡ್ಡಾಯ ಮಾಡೋಣ, ಡಿಸಿಪ್ಲಿನ್ ಬರತ್ತೆ ಅಂತಿದ್ದಾರೆ. ನಾನು ಹತ್ತು ಜನರ ಟೀಮ್ ಲೀಡು, ನನ್ನ ಅಭಿಪ್ರಾಯ ಕೇಳಿದ್ದಾರೆ. ಏನಂತ ಹೇಳ್ಲಿ? (ಬೆಂಗಳೂರು)

ಅಭಿಪ್ರಾಯ ಕೇಳಿದ್ದಾರಲ್ಲ, ಅದೇ ಪುಣ್ಯ. ಅವರಿಗೆ ಮೊದಲು ಒಂದು ಹಳೇ ಕಥೆ ಹೇಳಿ. ಕಂಪ್ಯೂಟರ್ ಲೋಕದಲ್ಲಿ ಡ್ರೆಸ್ ವಿಷ್ಯಕ್ಕೆ ಐಬಿಎಂನಷ್ಟು ಕಟ್ಟುನಿಟ್ಟಿನ ಕಂಪನಿ ಇನ್ನೊಂದು ಇರ್ಲಿಲ್ಲ, ಬಿಳಿ ಶರ್ಟು ಗಾಢ ಬಣ್ಣದ ಸೂಟು ಟೈ ಅಂದ್ರೆ ಐಬಿಎಂನವರು ಅಂತ ದೂರದಿಂದಲೇ ಗೊತ್ತಾಗ್ತಿತ್ತು. ಆ ಐಬಿಎಮ್ಮೇ 1995ರಲ್ಲಿ ಲೂಯಿಸ್ ಗರ್ಸ್ಟ್‌ನರ್ ಸಿಇಒ ಆಗಿದ್ದ ಕಾಲದಲ್ಲಿ ಅದನ್ನ ಬಿಟ್ಟುಬಿಡ್ತು. ಕಾರಣ ಬಹಳ ಸಿಂಪಲ್, ಅವರ ಗ್ರಾಹಕರೇ ಟೈ ಬಿಟ್ಟಿದ್ರು, ಗ್ರಾಹಕರ ಥರಾ ಕಾಣ್ಬೇಕು ಅಂತ ಶುರುವಾದ ಪದ್ಧತಿ ಗ್ರಾಹಕರು ಬದಲಾದ ಮೇಲೆ ಯಾಕೆ ಬೇಕು. ನಮ್ಮ ಇನ್ಫೋಸಿಸ್ಸು 2015ರ ಜೂನ್‌ನಲ್ಲಿ, ವಿಶಾಲ್ ಸಿಕ್ಕಾ ಸಿಇಒ ಆಗಿದ್ದಾಗ, ಫಾರ್ಮಲ್ ಡ್ರೆಸ್ಸಿನ ಕಡ್ಡಾಯ ತೆಗೆದು ವಾರದ ಎಲ್ಲ ದಿನಾನೂ ಕ್ಯಾಶುವಲ್ ಹಾಕ್ಕೊಂಡು ಬನ್ನಿ ಅಂತು. 2019ರ ಮಾರ್ಚಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್, ಅಂದ್ರೆ ದುಡ್ಡಿನವರಿಗೇ ದುಡ್ಡಿನ ಸಲಹೆ ಕೊಡೋ ಬ್ಯಾಂಕು, ಅದೂ ತನ್ನ ಜನಕ್ಕೆ ಸಂದರ್ಭ ನೋಡ್ಕೊಂಡು ಹಾಕ್ಕೊಳ್ಳಿ ಅಂತ ಬಿಟ್ಟುಕೊಡ್ತು. ಇವರ್ಯಾರೂ ಡಿಸಿಪ್ಲಿನ್ ಇಲ್ದೆ ಮುಳುಗಿಹೋಗ್ಲಿಲ್ಲ.

ಆದ್ರೆ ನಾನು ನಿಮಗೆ ಹೇಳ್ಬೇಕು ಅಂದ್ಕೊಂಡಿದ್ದು ಇದಲ್ಲ. ನಾಳೆ ಬೆಳಿಗ್ಗೆ ಆಫೀಸಿಗೆ ಹೋಗ್ತಾ ಸುಮ್ನೆ ಕತ್ತುಗಳನ್ನ ನೋಡ್ಕೊಂಡು ಹೋಗಿ. ಗೇಟಲ್ಲಿ ನಿಮ್ಮ ಐಡಿ ಕಾರ್ಡ್ ನೋಡೋ ಸೆಕ್ಯುರಿಟಿಯವರು ಟೈ ಕಟ್ಟಿರ್ತಾರೆ. ರಿಸೆಪ್ಷನ್ ಹುಡುಗ ಕಟ್ಟಿರ್ತಾನೆ. ಕ್ರೆಡಿಟ್ ಕಾರ್ಡ್ ತಗೊಳ್ಳಿ ಸಾರ್ ಅಂತ ಕೆಫೆಟೇರಿಯಾ ಹತ್ರ ಟೇಬಲ್ ಹಾಕ್ಕೊಂಡು ನಿಂತಿರ್ತಾನಲ್ಲ, ಅವನೂ ಕಟ್ಟಿರ್ತಾನೆ. ಮೇಲೆ ಮೇಲೆ ಹೋದ ಹಾಗೆ ಟೀ ಶರ್ಟು, ಇನ್ನೂ ಮೇಲೆ ಹೋದ್ರೆ ಚಪ್ಪಲಿ! ಮೂವತ್ತು ನಲವತ್ತು ವರ್ಷದ ಹಿಂದೆ ಇದು ಉಲ್ಟಾ ಇತ್ತು, ಟೈ ಕಟ್ಟಿದವನು ಸಾಹೇಬ, ಕಟ್ದೇ ಇದ್ದವನು ಜವಾನ. ಈಗ ಟೈ ಕಟ್ಟದೇ ಇರೋದೇ ಅಧಿಕಾರದ ಗುರುತು, ನನ್ನನ್ನ ಯಾರೂ ಕೇಳೋ ಹಾಗಿಲ್ಲ ಅಂತ ತೋರಿಸ್ಕೊಳ್ಳೋ ರೀತಿ. ಹಾಗಾಗಿ ನಿಮ್ಮ ಹೊಸ ಅಧಿಕಾರಿಗೆ ಒಂದೇ ಪ್ರಶ್ನೆ ಕೇಳಿ, ನೀವೂ ಸೋಮವಾರ ಮಂಗಳವಾರ ಕಟ್ಟಿ ಬರ್ತೀರಾ, ನಿಮ್ಮ ಮೇಲಿನವರೂ ಬರ್ತಾರಾ ಅಂತ. ಹೌದು ಅಂದ್ರೆ ಮಾತು ಮುಂದುವರಿಸಿ. ಅದು ನಿಮಗೆ, ನಮಗಲ್ಲ ಅಂತ ಏನಾದ್ರೂ ಎಳೆದಾಡಿದ್ರೆ ಆ ಡಿಸಿಪ್ಲಿನ್ ಏನಂತ ನಿಮಗೇ ಗೊತ್ತಾಗತ್ತೆ.

ಪ್ರಶ್ನೆ: ನಮಸ್ಕಾರ್ರಿ ಸರ್. ನಾ ಒಂದು ಔಷಧ ಕಂಪನ್ಯಾಗ ಎಂಆರ್ ಅದೀನಿ, ಅಂದ್ರ ಡಾಕ್ಟ್ರ ಕಡೆ ಹೋಗಿ ಕಂಪನಿ ಔಷಧ ಪರಿಚಯ ಮಾಡೋ ಮೆಡಿಕಲ್ ರೆಪ್. ರಾಯಚೂರು, ಮಾನ್ವಿ, ಸಿಂಧನೂರು ಕಡೆ ಬೈಕ್ ಮ್ಯಾಲೆ ತಿರುಗಾಡೋದು. ಏಪ್ರಿಲ್ ಮೇ ಬಿಸಿಲು ಅಂದ್ರ ನಿಮಗ ಹೇಳೋದು ಬ್ಯಾಡ, ಆದ್ರೂ ಫುಲ್ ತೋಳಿನ ಶರ್ಟು, ಟೈ, ಶೂ ಇರಾಕಬೇಕು, ಮ್ಯಾನೇಜರ್ ಜೋಡಿ ಬಂದಾಗಂತೂ ಬಿಚ್ಚಂಗೇ ಇಲ್ಲ. ಡಾಕ್ಟ್ರು ಆರಾಮ ಹಾಫ್ ಶರ್ಟಿನ್ಯಾಗ ಕುಂತಿರ್ತಾರ. ಇದಕ್ಕೇನಾದ್ರೂ ಅರ್ಥ ಐತೇನ್ರಿ? (ರಾಯಚೂರು)

ಅರ್ಥ ಇಲ್ಲ ತಮ್ಮಾ. ನಿನ್ನ ಪ್ರಶ್ನೆ ಓದ್ತಿದ್ದ ಹಾಗೆ ನನಗೇ ಬೆವರು ಬಂತು.

ನಿಮ್ಮ ಕಡೆ ಬೇಸಿಗೇಲಿ ಬಿಸಿಲು ನಲವತ್ತು ಡಿಗ್ರಿ ದಾಟತ್ತೆ ಅಂತ ಸರ್ಕಾರಕ್ಕೇ ಗೊತ್ತು, ಅದಕ್ಕೇ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಬಾಗಲಕೋಟೆಗಳಲ್ಲಿ ಏಪ್ರಿಲ್ ಮೇ ತಿಂಗಳು ಸರ್ಕಾರಿ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಅಂತ ಮಾಡೋದು. ಬಿಸಿಲಿಗೆ ಹೆದರಿ ಗಡಿಯಾರವನ್ನೇ ಹಿಂದಕ್ಕೆ ತಳ್ತೀವಿ, ಕತ್ತಿನ ಗುಂಡಿ ಮಾತ್ರ ಬಿಚ್ಚಲ್ಲ ಅಂದ್ರೆ ಏನು ಹೇಳೋಣ.

ಬೇರೆ ದೇಶದವರು ಏನ್ ಮಾಡಿದ್ರು ನೋಡು, ನಿನ್ನ ಮ್ಯಾನೇಜರ್‌ಗೆ ತೋರಿಸೋಕೆ ಬೇಕಾಗತ್ತೆ. ಜಪಾನ್ ಅಂದ್ರೆ ಸೂಟು ಟೈಗೆ ಹೆಸರಾದ ದೇಶ, ಅಲ್ಲಿ 2005ರ ಬೇಸಿಗೇಲಿ ಪರಿಸರ ಮಂತ್ರಿ ಯುರಿಕೊ ಕೊಯಿಕೆ 'ಕೂಲ್ ಬಿಜ್' ಅಂತ ಶುರು ಮಾಡಿದ್ರು, ಆಫೀಸಲ್ಲಿ ಎಸಿ 28 ಡಿಗ್ರಿಗೆ ಇಡಿ, ಕೋಟು ಟೈ ತೆಗೀರಿ ಅಂತ. ಪ್ರಧಾನಿ ಕೊಯಿಜುಮಿ ತಾವೇ ಟೈ ಇಲ್ದೆ ಕಾಣಿಸ್ಕೊಂಡ್ರು. ಅದು ಯಾಕೆ ಮುಖ್ಯ ಅಂದ್ರೆ, ಜಪಾನಲ್ಲಿ ಮೇಲಿನವರು ತೆಗೀದೆ ಕೆಳಗಿನವರು ತೆಗೆಯೋದೇ ಇಲ್ಲ, ತೆಗೀರಿ ಅಂತ ಕಾಗದದಲ್ಲಿ ಬರೆದ್ರೂ ತೆಗೆಯೋದಿಲ್ಲ. ಬಾಂಗ್ಲಾದೇಶದಲ್ಲಿ 2009ರಲ್ಲಿ ಶೇಖ್ ಹಸೀನಾ ಸರ್ಕಾರ ಕರೆಂಟ್ ಸಾಲದೇ ಒದ್ದಾಡ್ತಿದ್ದಾಗ ಬೇಸಿಗೆ ತಿಂಗಳುಗಳಲ್ಲಿ ಅಧಿಕಾರಿಗಳು ಸೂಟು ಟೈ ಹಾಕ್ಬಾರ್ದು ಅಂತ ಆದೇಶಾನೇ ಹೊರಡಿಸ್ತು. ಅವರ ಹವೆ ನಮ್ಮ ಹವೆಗೆ ಹತ್ರದ್ದು. 2022ರ ಜುಲೈಲಿ ಸ್ಪೇನ್ ಪ್ರಧಾನಿ ಪೆದ್ರೊ ಸಾಂಚೆಜ್ ಪತ್ರಕರ್ತರ ಮುಂದೆ ನಿಂತು, ನೋಡಿ ನಾನು ಟೈ ಹಾಕಿಲ್ಲ, ಕರೆಂಟ್ ಉಳಿಸೋಕೆ, ನೀವೂ ಹಾಕ್ಬೇಡಿ ಅಂದ್ರು. ಇವರೆಲ್ಲ ಎಸಿ ರೂಮಲ್ಲಿ ಕೂರೋ ಜನ. ನೀನು ಬೈಕ್ ಮೇಲೆ ಇರೋನು.

ಇನ್ನು ಡಾಕ್ಟ್ರು ವಿಷ್ಯ. ಇದು ಸ್ವಾರಸ್ಯವಾಗಿದೆ. ಇಂಗ್ಲೆಂಡಲ್ಲಿ ಡಾಕ್ಟ್ರು ಅಂದ್ರೆ ಟೈ ಇರ್ಲೇಬೇಕು ಅನ್ನೋ ಕಾಲ ಇತ್ತು. 2007ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ರೋಗಿಗಳನ್ನ ಮುಟ್ಟಿ ನೋಡೋವಾಗ ಮೊಣಕೈ ಕೆಳಗೆ ಏನೂ ಇರ್ಬಾರ್ದು, ವಾಚು ಬೇಡ, ಉದ್ದ ತೋಳು ಬೇಡ, ಟೈನೂ ಬೇಡ ಅಂತ ಹೇಳ್ತು. ಯಾಕಂದ್ರೆ ಟೈಯನ್ನ ಯಾರೂ ದಿನಾ ಒಗೆಯಲ್ಲ, ಬಗ್ಗಿದ ತಕ್ಷಣ ಅದು ಹಾಸಿಗೆ ಮೇಲೆ, ರೋಗಿ ಮೇಲೆ ಎಲ್ಲ ಓಡಾಡತ್ತೆ. ಅದಕ್ಕೂ ಮುಂಚೆ 2004ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೇಲಿ 42 ಜನ ವೈದ್ಯರು, ಸಿಬ್ಬಂದಿಯ ಟೈ ಪರೀಕ್ಷೆ ಮಾಡಿದಾಗ 20ರಲ್ಲಿ ಕಾಯಿಲೆ ತರೋ ಬ್ಯಾಕ್ಟೀರಿಯಾ ಸಿಕ್ಕಿತ್ತು, ಅದೇ ಆಸ್ಪತ್ರೆಯ ಸೆಕ್ಯುರಿಟಿಯವರ 10 ಟೈಲಿ ಸಿಕ್ಕಿದ್ದು ಒಂದರಲ್ಲಿ ಮಾತ್ರ. ಟೈಯಿಂದಲೇ ಯಾರಿಗೋ ಕಾಯಿಲೆ ಬಂತು ಅಂತ ಇದರಿಂದ ಸಾಬೀತಾಗಲ್ಲ, ಅದನ್ನ ಒಪ್ಪಬೇಕು. ಆದ್ರೂ ಡಾಕ್ಟ್ರು ಬಿಟ್ಟ ಟೈಯನ್ನ, ಡಾಕ್ಟ್ರ ಹೊರಗಿನ ಬೆಂಚಿನ ಮೇಲೆ ರೋಗಿಗಳ ನಡುವೆ ಗಂಟೆಗಟ್ಲೆ ಕೂತು ಕಾಯೋ ಎಂಆರ್ ಹುಡುಗರು ಕಟ್ಕೊಂಡು ಓಡಾಡ್ಬೇಕು ಅಂದ್ರೆ ನಗು ಬರಲ್ವಾ.

ಒಬ್ಬನೇ ಹೋಗಿ ಜಗಳ ಮಾಡ್ಬೇಡ, ಕೆಲಸ ಮುಖ್ಯ. ನಿಮ್ಮ ಎಂಆರ್‌ಗಳ ಸಂಘ ಇರತ್ತಲ್ಲ, ಅವರ ಮೂಲಕ ಮಾರ್ಚಿಂದ ಜೂನ್ ತನಕ ಟೈ ಬೇಡ ಅಂತ ಬರೆದುಕೊಡಿ, ಡಾಕ್ಟ್ರುಗಳ ಹತ್ರಾನೂ ಎರಡು ಸಾಲು ಬರೆಸ್ಕೊಳ್ಳಿ. ಟೈ ಇಲ್ಲ ಅಂತ ಮಾತ್ರೆ ಬರೆಯೋದು ನಿಲ್ಸೋ ಡಾಕ್ಟ್ರು ಯಾರೂ ಇರಲಿಕ್ಕಿಲ್ಲ. ಅಲ್ಲಿವರೆಗೂ ಬೈಕ್ ಮೇಲೆ ಜೇಬಲ್ಲಿರ್ಲಿ, ಕ್ಲಿನಿಕ್ ಬಾಗಿಲಲ್ಲಿ ಕತ್ತಿಗೆ ಬರ್ಲಿ.

ಪ್ರಶ್ನೆ: ಕುತ್ತಿಗೆಗೆ ಬಿಗಿಯಾಗಿ ಟೈ ಕಟ್ಟಿದ್ರೆ ಕಣ್ಣಿಗೆ ತೊಂದ್ರೆ ಅಂತ ವಾಟ್ಸಾಪಲ್ಲಿ ಬಂದಿತ್ತು. ನಮ್ಮ ಯಜಮಾನ್ರಿಗೆ ಗ್ಲಾಕೋಮ (ಸಾಮಾನ್ಯವಾಗಿ ಒಳಗಿನ ಒತ್ತಡ ಹೆಚ್ಚಿ ಕಣ್ಣಿನ ನರ ಹಾಳಾಗೋ ಕಾಯಿಲೆ) ಇದೆ, ಬ್ಯಾಂಕ್ ಕೆಲಸ. ನಿಜವಾ? (ಉಡುಪಿ)

ವಾಟ್ಸಾಪಲ್ಲಿ ಬಂದಿದ್ರಲ್ಲಿ ಅಪರೂಪಕ್ಕೆ ಒಂದರಲ್ಲಿ ಹುರುಳಿದೆ ಅಮ್ಮ. 2003ರಲ್ಲಿ ಬ್ರಿಟನ್ನಿನ ಕಣ್ಣಿನ ವೈದ್ಯರ ಪತ್ರಿಕೇಲಿ ಒಂದು ಅಧ್ಯಯನ ಬಂದಿತ್ತು, ಗ್ಲಾಕೋಮ ಇರೋ 20 ಗಂಡಸರು, ಇಲ್ಲದ 20 ಗಂಡಸರು, ಇವರಿಗೆ ಟೈ ಬಿಗಿಯಾಗಿ ಕಟ್ಟಿಸಿ ಮೂರು ನಿಮಿಷ ಬಿಟ್ಟು ಅಳೆದಾಗ ಹೆಚ್ಚಿನವರಿಗೆ ಕಣ್ಣಿನ ಒಳಗಿನ ಒತ್ತಡ ಏರಿತ್ತು. ಆಮೇಲೆ 2018ರಲ್ಲಿ ಜರ್ಮನಿಯವರು 30 ಜನ ಯುವಕರನ್ನ ಎಂಆರ್‌ಐ ಮಾಡಿ ನೋಡಿದ್ರು, ಟೈ ಬಿಗಿ ಮಾಡಿದವರಲ್ಲಿ ಮೆದುಳಿಗೆ ಹೋಗೋ ರಕ್ತ ಸರಾಸರಿ 7.5 ಪರ್ಸೆಂಟ್ ಕಡಿಮೆ ಆಗಿತ್ತು. ಎರಡೂ ಸಣ್ಣ ಅಧ್ಯಯನ, ಎರಡರಲ್ಲೂ ಬೇಕಂತಲೇ ಬಿಗಿಯಾಗಿ ಕಟ್ಟಿಸಿದ್ದು, ಹಾಗಾಗಿ ಟೈ ಕಟ್ಟಿದವರಿಗೆಲ್ಲ ಬುದ್ಧಿ ಕಮ್ಮಿ ಅಂತ ಯಾರಾದ್ರೂ ಫಾರ್ವರ್ಡ್ ಮಾಡಿದ್ರೆ ನಂಬಬೇಡಿ (ನಗ್ಬಹುದು). ಆದ್ರೆ ಗ್ಲಾಕೋಮ ಇದೆ ಅಂದ್ಮೇಲೆ ರಿಸ್ಕ್ ಯಾಕೆ, ಕಣ್ಣಿನ ಡಾಕ್ಟ್ರ ಹತ್ರ ಒಂದು ಮಾತು ಕೇಳಿ, ಅವರು ಒಂದು ಚೀಟಿ ಬರೆದುಕೊಟ್ರೆ ಬ್ಯಾಂಕಿನವರು ಇಲ್ಲ ಅನ್ನಲ್ಲ. ಇನ್ನೊಂದು, ಎಷ್ಟೋ ಜನರ ವಿಷ್ಯದಲ್ಲಿ ತಪ್ಪು ಟೈದಲ್ಲ, ಕಾಲರಿಂದು. ಹತ್ತು ವರ್ಷದ ಹಿಂದಿನ ಕತ್ತಿನ ಅಳತೆಗೇ ಶರ್ಟ್ ತಗೊಳ್ತಿರ್ತಾರೆ. ಮೇಲಿನ ಗುಂಡಿ ಹಾಕಿದಾಗ ಎರಡು ಬೆರಳು ಸಲೀಸಾಗಿ ಒಳಗೆ ಹೋಗ್ಬೇಕು.

ಪ್ರಶ್ನೆ: ಮಾನ್ಯರೇ, ತಮ್ಮ ಉತ್ತರ ನನಗೆ ಸರಿ ಕಾಣಲಿಲ್ಲ. ನಾನು ನಿವೃತ್ತ ಶಿಕ್ಷಕ. ಮೂವತ್ತು ವರ್ಷ ಟೈ ಕಟ್ಟಿಕೊಂಡೇ ಪಾಠ ಮಾಡಿದೆ. ನಮ್ಮಪ್ಪ ಊರ ಗೌಡರ ಮನೆ ಮುಂದೆ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ನಿಮ್ಮಂಥವರಿಗೆ ಟೈ ಅಂದರೆ ಬ್ರಿಟಿಷರ ಗುಲಾಮಗಿರಿ, ನಮಗೆ ಬಾಬಾಸಾಹೇಬರು. ಇದನ್ನು ಪ್ರಕಟಿಸುತ್ತೀರಾ? (ಚಾಮರಾಜನಗರ ಜಿಲ್ಲೆ)

ಪ್ರಕಟಿಸ್ದೆ ಇರೋದುಂಟಾ ಮೇಷ್ಟ್ರೇ. ಬಂದ ಕಾಗದದಲ್ಲೆಲ್ಲ ನನ್ನನ್ನ ಕೂರಿಸಿ ಯೋಚನೆ ಮಾಡಿಸಿದ್ದು ನಿಮ್ಮದೇ.

1931ರ ಲಂಡನ್ ದುಂಡುಮೇಜಿನ ಪರಿಷತ್ತು ನೆನಪು ಮಾಡ್ಕೊಳ್ಳೋಣ. ಗಾಂಧೀಜಿ ತುಂಡು ಪಂಚೇಲಿ ಕೂತಿದ್ರು, 1921ರಲ್ಲಿ ಮದುರೈಯಲ್ಲಿ ಮೇಲಂಗಿ ಬಿಟ್ಟಿದ್ದು ಮತ್ತೆ ಹಾಕಿರ್ಲಿಲ್ಲ. ಅದೇ ಪರಿಷತ್ತಲ್ಲಿ ಅಂಬೇಡ್ಕರ್ ಸೂಟು ಟೈಲಿ ಕೂತಿದ್ರು. ಇಬ್ಬರೂ ಲಂಡನ್ನಲ್ಲಿ ಬ್ಯಾರಿಸ್ಟರ್ ಓದಿದವರೇ, ಇಬ್ಬರೂ ಬಟ್ಟೆಯಿಂದ ಏನೋ ಹೇಳ್ತಿದ್ದವರೇ. ಮೈಮೇಲೆ ಬಟ್ಟೆ ಕಮ್ಮಿ ಮಾಡ್ಕೊಂಡ್ರೆ ಮಹಾತ್ಮ ಅನ್ನಿಸ್ಕೊಳ್ಳೋದು, ತೆಗೆಯೋಕೆ ಬಟ್ಟೆ ಇದ್ದವರಿಗೆ ಮಾತ್ರ ಸಾಧ್ಯ. ನೀನು ಇಷ್ಟೇ ಉಡಬೇಕು, ಹೀಗೇ ಉಡಬೇಕು, ನಮ್ಮ ಮುಂದೆ ಚಪ್ಪಲಿ ಮೆಟ್ಟಬಾರ್ದು ಅಂತ ಹೇಳಿಸ್ಕೊಂಡು ಬಂದ ಜನಕ್ಕೆ ಪೂರ್ತಿ ಬಟ್ಟೆ ಹಾಕೋದೇ ಒಂದು ಹೋರಾಟ. ಈಗಿನ ದಕ್ಷಿಣ ಕೇರಳದ ಕಡೆ ಇದ್ದ ತಿರುವಾಂಕೂರು ಸಂಸ್ಥಾನದಲ್ಲಿ ಚಾನ್ನಾರ್ ಜಾತಿಯ ಹೆಂಗಸರು ಮೈಮುಚ್ಚಿಕೊಳ್ಳೋ ಹಕ್ಕಿಗೆ ದಶಕಗಟ್ಟಲೆ ಏಟು ತಿಂದು, 1859ರಲ್ಲಿ ರಾಜಾಜ್ಞೆ ಬಂತು, ಅದೂ ಮೇಲ್ಜಾತಿ ಹೆಂಗಸರ ಥರ ಹೊದೀಬಾರ್ದು ಅನ್ನೋ ಷರತ್ತಿನ ಜೊತೆಗೆ. 1927ರಲ್ಲಿ ಮಹಾರಾಷ್ಟ್ರದ ಮಹಾಡ್‌ನ ಸಮಾವೇಶದಲ್ಲಿ ಅಂಬೇಡ್ಕರ್ ಅಲ್ಲಿದ್ದ ಹೆಂಗಸರಿಗೆ ಹೇಳಿದ್ದೂ ಇದನ್ನೇ, ಜಾತಿ ಗುರುತು ಹಿಡಿಯೋ ಹಾಗೆ ಸೀರೆ ಉಡೋದು ಬಿಡಿ, ಮೇಲಿನವರು ಉಡೋ ಹಾಗೆ ಉಡಿ ಅಂತ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು 1917ರಲ್ಲಿ ಬರೋಡದಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಇರೋಕೆ ಒಂದು ಮನೆ ಸಿಗ್ಲಿಲ್ಲ. ಅಂಥವರು ಟೈ ಕಟ್ಟಿದ್ದನ್ನ ಬ್ರಿಟಿಷರ ಅನುಕರಣೆ ಅಂತ ಯಾರಾದ್ರೂ ಅಂದ್ರೆ ಅವರಿಗೆ ಊರು ಗೊತ್ತಿಲ್ಲ ಅಂತ ಅರ್ಥ.

ನಮ್ಮ ಹಳ್ಳಿ ಸರ್ಕಲ್ಲುಗಳಲ್ಲಿ ನಿಂತಿರೋ ಪ್ರತಿಮೆಗಳನ್ನೇ ನೋಡಿ, ನೀಲಿ ಸೂಟು, ಟೈ, ಜೇಬಲ್ಲಿ ಪೆನ್ನು, ಕೈಯಲ್ಲಿ ಸಂವಿಧಾನ. ಎಷ್ಟೋ ಊರಲ್ಲಿ ಟೈ ಕಟ್ಟಿದ ಏಕೈಕ ಮನುಷ್ಯ ಅವರೇ. ಆ ಪ್ರತಿಮೆ ಮುಂದೆ ಬೆಳೆದ ಹುಡುಗ ನಿಮ್ಮ ಥರ ಮೇಷ್ಟ್ರಾಗಿ ಟೈ ಕಟ್ಕೊಂಡು ಶಾಲೆಗೆ ಬಂದ್ರೆ ಆ ಟೈಗೂ, ಬೆಂಗಳೂರಿನ ಗೇಟಲ್ಲಿ ಏಜೆನ್ಸಿಯವರು ಸಂಬಳದಲ್ಲಿ ಹಿಡ್ಕೊಂಡು ಕೊಟ್ಟ ಟೈಗೂ ಬಟ್ಟೆ ಒಂದೇ ಇರ್ಬಹುದು, ಬಾಕಿ ಏನೂ ಒಂದೇ ಅಲ್ಲ.

ಮೇಲ್ಜಾತಿಯವರ ಸಮಾಚಾರಾನೂ ಸ್ವಲ್ಪ ಹೇಳ್ಬೇಕಲ್ಲ. ವಿಶ್ವೇಶ್ವರಯ್ಯನವರ ಫೋಟೋ ನೋಡಿದ್ದೀರಿ, ಕತ್ತಿಗೆ ಟೈ, ತಲೆ ಮೇಲೆ ಮೈಸೂರು ಪೇಟ. ಅದನ್ನ ಯಾರೂ ಗುಲಾಮಗಿರಿ ಅನ್ನಲ್ಲ, ಶಿಸ್ತು ಅಂತೀವಿ. ಒಬ್ಬರ ಟೈ ಶಿಸ್ತು, ಇನ್ನೊಬ್ಬರ ಟೈ ಅನುಕರಣೆ, ಇದ್ಯಾವ ಲೆಕ್ಕ!

ಆದ್ರೆ ಇದೇ ಟೈ ಇನ್ನೊಂದು ಕಡೆ ಪೂರ್ತಿ ತಿರುಗಿ ನಿಲ್ಲತ್ತೆ, ಅದನ್ನೂ ಹೇಳಿಬಿಡ್ತೀನಿ. ನ್ಯೂಜಿಲೆಂಡಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮಾವೊರಿ ಪಾರ್ಟಿಯ ರಾವಿರಿ ವೈಟಿಟಿ ಅನ್ನೋ ಸಂಸದ 2021ರ ಫೆಬ್ರವರೀಲಿ ಟೈ ಬದ್ಲು ತಮ್ಮ ಜನ ಕತ್ತಿಗೆ ಹಾಕೋ ಹಸಿರು ಕಲ್ಲಿನ ಪದಕ ಹಾಕ್ಕೊಂಡು ಸದನಕ್ಕೆ ಬಂದ್ರು. ಸ್ಪೀಕರ್ ಹೊರಗೆ ಕಳಿಸಿದ್ರು. ಅವರು ಟೈಯನ್ನ ವಸಾಹತುಶಾಹಿಯ ನೇಣು ಅಂತ ಕರೆದಿದ್ರು. ಗಲಾಟೆ ಎಷ್ಟಾಯ್ತು ಅಂದ್ರೆ ಮಾರನೇ ದಿನವೇ ಟೈ ನಿಯಮ ಹೋಯ್ತು. ಅವರ ಜನರಿಂದ ಕಿತ್ಕೊಂಡಿದ್ದು ಅವರ ಪದಕ, ನಿಮ್ಮ ಜನರಿಂದ ತಡೆದಿಟ್ಟಿದ್ದು ಪೂರ್ತಿ ಬಟ್ಟೆ. ಒಬ್ಬರು ಟೈ ಬಿಚ್ಚಿ ತಲೆ ಎತ್ತಿದ್ರು, ಇನ್ನೊಬ್ಬರು ಕಟ್ಟಿ ತಲೆ ಎತ್ತಿದ್ರು, ನನಗೆ ಇಬ್ಬರೂ ಸರಿ ಕಾಣ್ತಾರೆ. ಇಬ್ಬರಲ್ಲೂ ಯಾರದೋ ಆರ್ಡರ್ ಇಲ್ಲ. ಕಡ್ಡಾಯ ಬೇಡ ಅನ್ನೋ ನನ್ನ ಮಾತು ನಿಮ್ಮ ಟೈಗೆ ಎದುರಲ್ಲ ಮೇಷ್ಟ್ರೇ, ಇಷ್ಟು ಬಿಡಿಸಿ ಹೇಳೋಕೆ ಒಂದು ಸಾಲು ಸಾಲದೇ ಹೋಯ್ತು ಅಷ್ಟೇ.

ಪ್ರಶ್ನೆ: ನಾನು ತಾಲೂಕು ಕೋರ್ಟಲ್ಲಿ ಪ್ರಾಕ್ಟೀಸ್ ಶುರು ಮಾಡಿರೋ ಹೊಸ ವಕೀಲ. ಬ್ಯಾಂಡ್ (ವಕೀಲರು ಕತ್ತಿನ ಮುಂದೆ ಇಳಿಬಿಡೋ ಬಿಳಿ ಪಟ್ಟಿ) ಬದ್ಲು ಕಪ್ಪು ಟೈ ಕಟ್ಟಬಹುದು ಅಂತ ಕೆಲವರು, ಬಾರದು ಅಂತ ಕೆಲವರು. (ಶಿರಸಿ)

ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮದಲ್ಲೇ ಇದೆ ವಕೀಲರೇ. ಸುಪ್ರೀಂ ಕೋರ್ಟು, ಹೈಕೋರ್ಟು, ಜಿಲ್ಲಾ ಕೋರ್ಟು, ಸೆಷನ್ಸ್ ಕೋರ್ಟು, ಸಿಟಿ ಸಿವಿಲ್ ಕೋರ್ಟು, ಇಷ್ಟು ಬಿಟ್ಟು ಮಿಕ್ಕ ಕೋರ್ಟಲ್ಲಿ ಬ್ಯಾಂಡ್ ಬದಲು ಕಪ್ಪು ಟೈ ಕಟ್ಟಬಹುದು. ಬೇಸಿಗೇಲಿ ಸುಪ್ರೀಂ ಕೋರ್ಟು ಹೈಕೋರ್ಟು ಬಿಟ್ಟು ಬೇರೆ ಕಡೆ ಕಪ್ಪು ಕೋಟೂ ಕಡ್ಡಾಯ ಅಲ್ಲ. ನಿಮ್ಮ ಜಡ್ಜ್ ಸಾಹೇಬ್ರ ಮೂಡ್ ಹೇಗಿದೆ ಅನ್ನೋದು ಮಾತ್ರ ನಿಯಮದ ಪುಸ್ತಕದಲ್ಲಿ ಸಿಗಲ್ಲ, ಹಿರಿಯ ವಕೀಲರನ್ನ ಕೇಳಿ.

ಪ್ರಶ್ನೆ: ಎರಡನೇ ಕ್ಲಾಸಿನ ಮಗನಿಗೆ ಸ್ಕೂಲಲ್ಲಿ ಟೈ, ಬೆಲ್ಟ್, ಶೂ ಎಲ್ಲ ಕಡ್ಡಾಯ. ದಿನಾ ಅದರ ತುದಿ ಕಚ್ಚಿ ಕಚ್ಚಿ ಹಾಳು ಮಾಡ್ತಾನೆ, ವರ್ಷಕ್ಕೆ ಮೂರು ಟೈ ತಗೋಬೇಕು, ಅದೂ ಸ್ಕೂಲಲ್ಲೇ. ದೊಡ್ಡೋರಿಗೇ ಬೇಡ ಅಂತೀರಲ್ಲ, ಮಕ್ಕಳಿಗೆ? (ತುಮಕೂರು)

ಆ ಟೈ ಮಗುಗಲ್ಲ ತಾಯಿ, ಅಪ್ಪ ಅಮ್ಮಂಗೆ. ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹಾಕಿದ್ದೀವಿ ಅಂತ ಬೀದಿಗೆ ಗೊತ್ತಾಗೋದು ಅದರಿಂದ್ಲೇ, ಸ್ಕೂಲಿನವರಿಗೂ ಅದು ಗೊತ್ತು. ಪೇರೆಂಟ್ಸ್ ಮೀಟಿಂಗಲ್ಲಿ ನಾಲ್ಕು ಜನ ತಾಯಂದಿರು ಒಟ್ಟಿಗೆ ಎದ್ದು ನಿಂತು ಮೂರನೇ ಕ್ಲಾಸಿನ ತನಕ ಬೇಡ ಅನ್ನಿ. ಒಪ್ಪಲಿಲ್ಲ ಅಂದ್ರೆ ಕೊನೇಪಕ್ಷ ಎಲಾಸ್ಟಿಕ್ಕಿನದ್ದೋ, ಎಳೆದ್ರೆ ಬಿಟ್ಟುಹೋಗೋ ಕ್ಲಿಪ್ಪಿನದ್ದೋ ಇರ್ಲಿ, ಆಟ ಆಡೋವಾಗ ಜೋಕಾಲಿಗೋ ಗೇಟಿಗೋ ಸಿಕ್ಕಾಕ್ಕೊಂಡ್ರೆ ಗಂಟಿನ ಟೈ ಅಪಾಯ. ಕಚ್ಚೋದಕ್ಕೆ ನನ್ನ ಹತ್ರ ಔಷಧಿ ಇಲ್ಲ.

ಪ್ರಶ್ನೆ: ಪೀಣ್ಯದಲ್ಲಿ ಫ್ಯಾಕ್ಟರಿ. ನಾನು ಪ್ರೊಡಕ್ಷನ್ ಎಂಜಿನಿಯರ್. ವಿಸಿಟರ್ಸ್ ಬಂದ ದಿನ ಟೈ ಹಾಕ್ಕೊಂಡೇ ಶಾಪ್ ಫ್ಲೋರಲ್ಲಿ ತಿರುಗಬೇಕು ಅಂತಾರೆ.

ಇದಕ್ಕೆ ಚರ್ಚೆನೇ ಇಲ್ಲ. ಲೇತು, ಡ್ರಿಲ್ಲು, ರೋಲರು, ತಿರುಗೋದು ಏನೇ ಇರ್ಲಿ, ಅದರ ಹತ್ರ ನೇತಾಡೋ ಬಟ್ಟೆ ಇರ್ಬಾರ್ದು. ಓಡ್ತಿರೋ ಮೆಷಿನ್ನನ್ನ ಪರೀಕ್ಷೆ ಮಾಡೋರು, ಎಣ್ಣೆ ಹಾಕೋರು ಮೈಗೆ ಅಂಟಿದ ಬಟ್ಟೆ ಹಾಕಿರ್ಬೇಕು ಅಂತ ಹಳೇ 1948ರ ಫ್ಯಾಕ್ಟರಿ ಕಾಯ್ದೆನೇ ಹೇಳ್ತಿತ್ತು. ವಿಸಿಟರ್ ಬಂದ್ರೆ ಕಾನ್ಫರೆನ್ಸ್ ರೂಮಲ್ಲಿ ಕಟ್ಕೊಳ್ಳಿ, ಕೆಳಗೆ ಇಳಿಯೋವಾಗ ಬಿಚ್ಚಿಡಿ, ವಿಸಿಟರ್ ಕಟ್ಟಿದ್ರೆ ಅವರದ್ದೂ ಬಿಚ್ಚಿಸಿ. ಸೇಫ್ಟಿ ಆಫೀಸರ್ ಹೆಸರಲ್ಲಿ ಒಂದು ಬೋರ್ಡ್ ಹಾಕಿಸಿಬಿಟ್ರೆ ದಿನಾ ವಾದ ಮಾಡೋದು ತಪ್ಪತ್ತೆ.

ಪ್ರಶ್ನೆ: ಟೈ ಬೇಡ ಅಂತ ಹೇಳಿದ್ರಿ ಮಾರಾಯ್ರೆ, ಒಳ್ಳೇದು. ಹಾಗಾದ್ರೆ ನಾಳೆ ನಾನು ಬಿಳಿ ಮುಂಡು, ಇಸ್ತ್ರಿ ಮಾಡಿದ ಶರ್ಟ್ ಹಾಕಿ ಆಫೀಸಿಗೆ ಹೋಗ್ತೇನೆ, ಒಳಗೆ ಬಿಡ್ತಾರಾ? (ಮಂಗಳೂರು)

ವಿಧಾನಸೌಧಕ್ಕೆ ಬಿಡ್ತಾರೆ, ನಿಮ್ಮ ಆಫೀಸಿಗೆ ಗೊತ್ತಿಲ್ಲ! ತಮಾಷೆ ಬಿಡಿ, ಪ್ರಶ್ನೆ ತುಂಬಾ ಸರಿಯಾಗಿದೆ. 2014ರಲ್ಲಿ ಚೆನ್ನೈಯ ಒಂದು ಕ್ರಿಕೆಟ್ ಕ್ಲಬ್ಬಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ವೇಷ್ಟಿ, ಅಂದ್ರೆ ಪಂಚೆ, ಉಟ್ಟಿದ್ದಾರೆ ಅಂತ ಒಳಗೆ ಬಿಡ್ಲಿಲ್ಲ, ತಮಿಳುನಾಡು ವಿಧಾನಸಭೆ ಅದೇ ವರ್ಷ ಹಾಗೆ ತಡೆಯೋದು ಅಪರಾಧ ಅಂತ ಕಾಯ್ದೆ ಮಾಡ್ತು. ನಮ್ಮಲ್ಲಿ 2024ರ ಜುಲೈಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ನಲ್ಲಿ ಮಗನ ಜೊತೆ ಸಿನಿಮಾಗೆ ಬಂದ ಹಾವೇರಿ ಕಡೆಯ ರೈತರೊಬ್ಬರನ್ನ ಪಂಚೆ ಅಂತ ತಡೆದ್ರು, ಜನ ಮಾಲ್ ಮುಂದೆ ಪಂಚೆ ಉಟ್ಟು ಪ್ರತಿಭಟನೆ ಮಾಡಿದ್ರು, ಸರ್ಕಾರ ಏಳು ದಿನ ಮಾಲ್ ಮುಚ್ಚಿಸ್ತು. ಅಲ್ಲಿ ಪಂಚೆ ತಡೆದ ಸೆಕ್ಯುರಿಟಿಯವರೂ ಬಹುಶಃ ಯಾವುದೋ ಹಳ್ಳಿಯವರೇ, ಅವರಪ್ಪನೂ ಪಂಚೆ ಉಡೋರೇ ಇರ್ಬೇಕು. ಮೇಲಿಂದ ಯಾರೋ ಹೇಳಿದ್ದನ್ನ ಅವರು ಮಾಡಿದ್ರು, ಬೈಗುಳ ತಿಂದಿದ್ದು ಮಾತ್ರ ಅವರು.

ಆಫೀಸಲ್ಲಿ ಮುಂಡು ಉಡ್ಬಾರ್ದು ಅನ್ನೋ ಕಾನೂನು ಯಾವ್ದೂ ಇಲ್ಲ, ಉಡೋಕೆ ಬಿಡ್ಲೇಬೇಕು ಅನ್ನೋ ಕಾನೂನೂ ನಮ್ಮ ರಾಜ್ಯದಲ್ಲಿ ಖಾಸಗಿ ಕಂಪನಿಗಳಿಗೆ ಇಲ್ಲ, ನಿಮ್ಮ ಆಫರ್ ಲೆಟರಲ್ಲಿ ಡ್ರೆಸ್ ಬಗ್ಗೆ ಏನು ಬರೆದಿದೆ ಅಂತ ನೋಡಿ. ಏನೂ ಬರೆದಿಲ್ಲ ಅಂದ್ರೆ ಒಂದು ಶುಕ್ರವಾರ ಉಟ್ಕೊಂಡು ಹೋಗಿ ನೋಡಿ. ಒಬ್ಬರೇ ಹೋಗ್ಬೇಡಿ, ಮೂರ್ನಾಲ್ಕು ಜನ ಹೋಗಿ, ಒಬ್ಬರಾದ್ರೆ ವಿಚಿತ್ರ, ನಾಲ್ಕು ಜನ ಆದ್ರೆ ಸಂಸ್ಕೃತಿ ಅಂತಾರೆ. ಮಂಡಿ ಮೇಲೆ ಕಟ್ಕೊಂಡು ಮೀಟಿಂಗಿಗೆ ಕೂರ್ಬೇಡಿ ಅಷ್ಟೇ.

ಪ್ರಶ್ನೆ: ಸರ್, ನಮ್ಮ ಮನೇಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಮುಂದಿನ ವಾರ ಬ್ಯಾಂಕ್ ಇಂಟರ್‌ವ್ಯೂ ಇದೆ. ಟೈ ಹಾಕ್ಲಾ ಬೇಡ್ವಾ, ಹಾಕಿದ್ರೆ ಎಂಥದ್ದು, ಕಟ್ಟೋದು ಹೇಗೆ? ಯೂಟ್ಯೂಬ್ ನೋಡಿದ್ರೆ ಕೈ ಉಲ್ಟಾ ಸೀದಾ ಆಗಿ ತಲೆ ಕೆಡ್ತಿದೆ. (ಹಾಸನ)

ಮೊದಲು ಅಭಿನಂದನೆ ಕಣಪ್ಪ. ಹಾಕು. ಇಷ್ಟೆಲ್ಲ ಮಾತಾಡಿ ಹಾಕು ಅಂತೀರಲ್ಲ ಅನ್ಬೇಡ, ಬ್ಯಾಂಕ್ ಇಂಟರ್‌ವ್ಯೂ ರೂಮಲ್ಲಿ ಕೂತಿರೋರು ಹಳೇ ಕಾಲದವರು ಇರ್ಬಹುದು, ಹಾಕಿದ್ರೆ ಮಾರ್ಕ್ಸ್ ಹೋಗಲ್ಲ, ಹಾಕ್ದೇ ಇದ್ರೆ ಯಾರಿಗೆ ಗೊತ್ತು, ಆ ಹತ್ತು ನಿಮಿಷಕ್ಕೆ ನಿನ್ನ ಸಿದ್ಧಾಂತ ಪಣಕ್ಕಿಡೋದು ಬೇಡ. ಕೆಲಸ ಸಿಕ್ಕಿದ ಮೇಲೆ ನಿಯಮ ಬದಲಾಯಿಸು.

ಕಡುನೀಲಿ ಅಥವಾ ಕಂದುಗೆಂಪು, ಸಾದಾ ಅಥವಾ ಸಣ್ಣ ಚುಕ್ಕಿ. ಹೊಳೆಯೋದು ಬೇಡ, ರೆಡಿಮೇಡ್ ಗಂಟಿನದ್ದೂ ಬೇಡ. ದುಡ್ಡಿದ್ರೆ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ಅಂಗಡೀಲಿ ಮೈಸೂರು ಸಿಲ್ಕಿನ ಟೈನೂ ಸಿಗತ್ತೆ, ಅಮ್ಮನ ಸೀರೆ ಜೊತೆ ಒಂದೇ ಬಿಲ್ಲಲ್ಲಿ ಬರತ್ತೆ. ಇಲ್ಲಾಂದ್ರೆ ಪಾಲಿಯೆಸ್ಟರೇ ಸಾಕು, ದುಬಾರಿದು ಬೇಕಾಗಿಲ್ಲ, ಫ್ರೆಂಡ್ ಹತ್ರ ಇಸ್ಕೊಂಡ್ರೂ ನಡೆಯತ್ತೆ.

ಕಟ್ಟೋದು ಹೀಗೆ. ಕನ್ನಡಿ ಬೇಡ, ಮೊದಲು ನಿನ್ನ ತೊಡೆ ಮೇಲೆ ಕಟ್ಟಿ ಕಲಿ, ಆಗ ಉಲ್ಟಾ ಸೀದಾ ತಾಪತ್ರಯ ಇರಲ್ಲ. ಆಮೇಲೆ ಕಾಲರ್ ಎತ್ತಿ ಟೈ ಹಾಕ್ಕೋ, ಅಗಲದ ತುದಿ ಬಲಗಡೆ, ಸಣ್ಣ ತುದಿಗಿಂತ ಒಂದಡಿಯಷ್ಟು ಕೆಳಗೆ ಇರ್ಲಿ. ಅಗಲದ್ದನ್ನ ಸಣ್ಣದ್ದರ ಮೇಲಿಂದ ಎಡಕ್ಕೆ ತಗೊಂಡು, ಅದರ ಹಿಂದಿನಿಂದ ಬಲಕ್ಕೆ ತಂದು, ಮತ್ತೆ ಮುಂದಿನಿಂದ ಎಡಕ್ಕೆ ಸುತ್ತು. ಈಗ ಮುಂದೆ ಒಂದು ಅಡ್ಡಪಟ್ಟಿ ಬಂತಲ್ಲ, ಅದನ್ನ ಬೆರಳಲ್ಲಿ ಸಡಿಲ ಹಿಡ್ಕೋ. ಅಗಲದ ತುದೀನ ಕತ್ತಿನ ಹತ್ರ ಒಳಗಿಂದ ಮೇಲಕ್ಕೆ ತಂದು, ಆ ಅಡ್ಡಪಟ್ಟಿ ಒಳಗೆ ತೂರಿಸಿ ಕೆಳಕ್ಕೆ ಎಳಿ. ಸಣ್ಣ ತುದಿ ಹಿಡ್ಕೊಂಡು ಗಂಟನ್ನ ಮೇಲಕ್ಕೆ ಸರಿಸು. ತುದಿ ಬೆಲ್ಟಿನ ಬಕಲ್ಲಿಗೆ ಬಂದು ನಿಲ್ಬೇಕು, ಹೊಟ್ಟೆ ಮೇಲೆ ನಿಂತ್ರೆ ಬಿಚ್ಚಿ ಅಗಲದ ಕಡೆ ಇನ್ನಷ್ಟು ಉದ್ದ ಬಿಟ್ಟು ಮತ್ತೆ ಕಟ್ಟು. ಗಂಟು ಸ್ವಲ್ಪ ಓರೆ ಬರತ್ತೆ, ಅದು ಹಾಗೇ, ಸರಿ ಮಾಡೋಕೆ ಹೋಗ್ಬೇಡ.

ಮುಗಿದ ಮೇಲೆ ತಲೆಯಿಂದ ಹಾಗೇ ಎತ್ತಿ ಮೊಳೆಗೆ ನೇತು ಹಾಕ್ಬೇಡ, ಕಟ್ಟಿದ ಕ್ರಮದಲ್ಲೇ ಕೊನೆಯಿಂದ ಹಿಂದಕ್ಕೆ ಬಿಚ್ಚಿ ನೀಟಾಗಿ ಹ್ಯಾಂಗರಿಗೆ ಹಾಕು. ಟೈ ಬಟ್ಟೇನ ಓರೆಯಾಗಿ ಕತ್ತರಿಸಿ ಹೊಲಿದಿರ್ತಾರೆ, ಒಳಗೊಂದು ದಪ್ಪ ಬಟ್ಟೆ ಇರತ್ತೆ, ವಾಷಿಂಗ್ ಮೆಷಿನ್ನಿಗೆ ಹಾಕಿದ್ರೆ ತಿರುಚ್ಕೊಂಡು ಹೋಗತ್ತೆ, ಹಿಂಡಿದ್ರೂ ಅಷ್ಟೇ. ಕಲೆ ಆದ್ರೆ ಡ್ರೈಕ್ಲೀನಿಂಗಿಗೆ ಕೊಡು. ಇಂಟರ್‌ವ್ಯೂಗೆ ಮುಂಚೆ ಸಾಂಬಾರ್ ವಡೆ ತಿನ್ನೋದಿದ್ರೆ ಟೈ ಶರ್ಟಿನ ಎರಡು ಗುಂಡಿ ನಡುವೆ ಒಳಗೆ ಸೇರಿಸ್ಕೊಂಡು ತಿನ್ನು. ಏನಾಯ್ತು ಅಂತ ಬರಿ.